ಕೊಡುವ ತೂಕ, ತರುವ ತೂಕ

ಘಟಪ್ರಭೆಯ ಎರಡೂ ದಂಡೆಗಳ ಊರುಗಳಲ್ಲಿ ಲಗ್ನದ ತಿಥಿಯನ್ನು ಪಂಚಾಂಗವೊಂದೇ ಗೊತ್ತುಮಾಡುವುದಿಲ್ಲ. ಸಕ್ಕರೆ ಕಾರ್ಖಾನೆಯ ಬಿಲ್ಲೂ ಗೊತ್ತುಮಾಡುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಒಕ್ಕಲುತನವನ್ನೇ ನಂಬಿ ಬದುಕುವ ಜೈನ ಮನೆತನಗಳು ಅನೇಕ. ಕಬ್ಬು ಕಡಿದು ಸಾಗಿಸಿದ 14 ದಿನಗಳೊಳಗಾಗಿ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸುತ್ತದೆ. ಅದು ಸಲ್ಲದ ವರ್ಷ ನಿಶ್ಚಯವಾದ ಲಗ್ನಗಳು ಮುಂದೆ ಹೋಗುತ್ತವೆ. ಹೋಗಲಾರದವು ಸಾಲದ ಮೇಲೆ ನಡೆಯುತ್ತವೆ. 2019ರ ಆಗಸ್ಟ್ ತಿಂಗಳ ನೆರೆಯಂತಹ ಆಪತ್ತು ಬಂದಾಗಲಂತೂ ಹೊಲದ ಬೆಳೆಯೊಡನೆ ಮನೆಯ ಮಕ್ಕಳ ಕಂಕಣಭಾಗ್ಯವೂ ನೀರಿನಲ್ಲಿ ನಿಲ್ಲುತ್ತದೆ. ಮಗಳು ಯಾರ ಕೈಹಿಡಿಯಬೇಕು, ಮಗನಿಗೆ ಯಾರನ್ನು ತರಬೇಕು ಎಂಬ ಪ್ರಶ್ನೆಗೆ ಮನಸ್ಸು ಉತ್ತರ ಹೇಳುವ ಮೊದಲೇ ಹಣ ಉತ್ತರ ಹೇಳಿಬಿಡುವ ಸ್ಥಿತಿ ಇದು.

ವಿವಾಹವು ಗೃಹಸ್ಥಧರ್ಮದ ಹೆಬ್ಬಾಗಿಲು. ಶ್ರಾವಕನು ಅಣುವ್ರತಗಳನ್ನು ಆಚರಿಸಬೇಕಾದದ್ದು ಈ ಬಾಗಿಲಿನ ಒಳಗೆಯೇ. ಆದ್ದರಿಂದ ಆ ಬಾಗಿಲನ್ನು ದಾಟುವಾಗ ಏನನ್ನು ತೂಗಿ ಏನನ್ನು ಬಿಡಲಾಗುತ್ತದೆ ಎಂಬುದು ಕೇವಲ ಮನೆವಾರ್ತೆಯ ವಿಷಯವಲ್ಲ, ಧರ್ಮದ ವಿಷಯ. ಅದನ್ನು ವಿಚಾರಿಸುವುದಕ್ಕೆ ಈ ಸೀಮೆಯ ಒಂದು ಮನೆಯ ವೃತ್ತಾಂತ ಸಾಕು. ಇಂತಹ ಮನೆಗಳು ಹಲವಾರು ಇರುವುದರಿಂದ ಹೆಸರಿನ ಅಗತ್ಯವಿಲ್ಲ.

ಮೂಡಲಗಿಯ ಕಡೆಯ ಒಬ್ಬ ಶ್ರಾವಕರಿಗೆ ನಾಲ್ಕು ಎಕರೆ ನೀರಾವರಿ ಹೊಲ, ಒಬ್ಬ ಮಗಳು, ಒಬ್ಬ ಮಗ. ಮಗಳು ಪದವಿಯವರೆಗೆ ಓದಿದವಳು. ಎಂಟು ವರ್ಷಗಳ ಹಿಂದೆ ಅವಳಿಗೆ ಎರಡು ಕಡೆಯ ಸಂಬಂಧ ಬಂದಿತು. ಹುಕ್ಕೇರಿ ಸೀಮೆಯ ಹುಡುಗ ಹೊಲ ಮಾಡಿಕೊಂಡಿದ್ದವನು. ಅವನ ಮನೆಯವರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಇನ್ನೊಬ್ಬನು ಪುಣೆಯಲ್ಲಿ ತಿಂಗಳ ಸಂಬಳದ ನೌಕರಿಯವನು. ಅವನ ಮನೆಯವರೂ ಹುಂಡಾ ಎಂಬ ಮಾತನ್ನು ಎತ್ತಲಿಲ್ಲ. "ನಮಗೇನೂ ಬ್ಯಾಡ್ರಿ, ನಿಮ್ಮ ಮಗಳಿಗೆ ನೀವು ಏನ ಹಾಕತೀರಿ ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು" ಎಂದರು. ಹಿರಿಯ ಸೊಸೆಯ ತವರಿನವರು ಎಷ್ಟು ತೊಲೆ ಹಾಕಿದ್ದರೆಂಬ ಸಂಗತಿಯನ್ನು ಮಾತ್ರ ನಡುವಿನ ಹಿರಿಯರ ಬಾಯಲ್ಲಿ ಹೇಳಿಸಿದರು. ಈ ಭಾಷೆ ತಿಳಿಯದ ತಂದೆ ಈ ಸೀಮೆಯಲ್ಲಿಲ್ಲ.

ಶ್ರಾವಕರು ನೌಕರಿಯವನನ್ನೇ ಆಯ್ದರು. "ಒಕ್ಕಲತನದ ಮನಿಗೆ ಹುಡುಗಿ ಕೊಡಂಗಿಲ್ಲ. ಮಣ್ಣಾಗ ದುಡದ ದುಡದ ನಮಗ ಸಾಕಾಗೇತಿ" ಎಂಬುದು ಅವರು ಹೇಳಿದ ಕಾರಣ. ಅದು ಸುಳ್ಳಾದ ಕಾರಣವೇನೂ ಅಲ್ಲ. ಏಳು ತೊಲೆ ಬಂಗಾರ, ಕಲ್ಯಾಣ ಮಂಟಪ, ಎರಡು ಹೊತ್ತಿನ ಊಟ, ಬೀಗರ ಆಹೇರಿ ಎಲ್ಲವೂ ಸೇರಿ ಆದ ವೆಚ್ಚಕ್ಕೆ ಪತ್ತಿನ ಸಂಘದ ಸಾಲ ಸಾಲದೆ, ಒಂದು ಎಕರೆಯನ್ನು ಲಾವಣಿಗೆ ಬರೆದುಕೊಟ್ಟರು. ಎರಡು ವರ್ಷಗಳಲ್ಲಿ ಬಿಡಿಸಿಕೊಳ್ಳುವ ಆಲೋಚನೆಯಿತ್ತು. ಅಷ್ಟರಲ್ಲಿ 2019ರ ನೆರೆ ಬಂದು ಕಬ್ಬು ನೀರಿನಲ್ಲಿ ನಿಂತಿತು. ಲಾವಣಿಯ ಎಕರೆ ಇಂದಿಗೂ ಪರರ ಕೈಯಲ್ಲಿದೆ.

ಈಗ ಮಗನ ಸರದಿ. ಅವನಿಗೆ ಮೂವತ್ತೊಂದು ತುಂಬಿದೆ. ಹೆಣ್ಣು ನೋಡಲು ಹೋದಲ್ಲೆಲ್ಲ ಕೇಳುವ ಮೊದಲ ಪ್ರಶ್ನೆ ನೌಕರಿ, ಎರಡನೆಯದು ಎಕರೆ. ನೌಕರಿಯಿಲ್ಲ, ನಾಲ್ಕಿದ್ದ ಎಕರೆ ಮೂರಾಗಿದೆ. "ನಮ್ಮ ಹುಡುಗಗ ಏನ ಕಡಿಮಿ ಐತಿ? ಕುಡಿಯೂದಿಲ್ಲ, ಸೇದೂದಿಲ್ಲ, ನೀರಾವರಿ ಹೊಲ ಐತಿ. ಒಕ್ಕಲಿಗನಂದ್ರ ಮನಷ್ಯಾ ಅಲ್ಲೇನು?" ಎಂದು ಆ ತಂದೆ ಬಸದಿಯ ಕಟ್ಟೆಯ ಮೇಲೆ ಕುಳಿತು ನೊಂದು ಮಾತನಾಡುತ್ತಾರೆ. ಎಂಟು ವರ್ಷಗಳ ಹಿಂದೆ ಹುಕ್ಕೇರಿ ಸೀಮೆಯ ಆ ಹುಡುಗನ ತಂದೆಯೂ ಇದೇ ಮಾತನ್ನು ಎಲ್ಲಿಯೋ ಕುಳಿತು ಆಡಿರಬಹುದು. ಮಗಳನ್ನು ಕೊಡುವಾಗ ಒಂದು ತೂಕ, ಸೊಸೆಯನ್ನು ತರುವಾಗ ಇನ್ನೊಂದು ತೂಕ. ಒಂದೇ ಮನೆಯಲ್ಲಿ ಎರಡು ತಕ್ಕಡಿ.

ಈ ತಕ್ಕಡಿ ನಿನ್ನೆ ಮೊನ್ನೆ ತಯಾರಾದದ್ದಲ್ಲ. ಹಿಂದೆ ಅನೇಕ ಒಕ್ಕಲು ಮನೆತನಗಳಲ್ಲಿ ವರನ ಕಡೆಯವರೇ ಹೆಣ್ಣಿನ ತಂದೆಗೆ ಹಣ ಕೊಡುತ್ತಿದ್ದರು. ಅದಕ್ಕೆ ತೆರ ಎಂದು ಹೆಸರು. ಹೊಲದಲ್ಲಿ ದುಡಿಯುವ ಮಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದಕ್ಕೆ ಅದು ಪರಿಹಾರವೆಂದು ತಿಳಿಯುತ್ತಿದ್ದರು. ಅದೂ ನಿರ್ದೋಷವಾದುದಲ್ಲ. ಕ್ರಿ.ಶ. 10ನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿಗಳು ತಮ್ಮ ನೀತಿವಾಕ್ಯಾಮೃತದ ವಿವಾಹ ಸಮುದ್ದೇಶದಲ್ಲಿ ಎಂಟು ಬಗೆಯ ವಿವಾಹಗಳನ್ನು ಎಣಿಸುವಾಗ, ಹಣದ ಕರಾರಿನಿಂದ ನಡೆಯುವ ಕನ್ಯಾಪ್ರದಾನವನ್ನು ಆಸುರವೆಂದೇ ಕರೆದಿದ್ದಾರೆ.

ತೆರ ಹಿಂದೆ ಸರಿದು ಹುಂಡಾ ಮುಂದೆ ಬಂದುದಕ್ಕೆ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1984ರಲ್ಲಿ ಪ್ರಕಟವಾದ ವರದಕ್ಷಿಣೆ ಕುರಿತ ತಮ್ಮ ಪುಸ್ತಿಕೆಯಲ್ಲಿ ಕಾರಣ ಹೇಳಿದ್ದಾರೆ. ದಕ್ಷಿಣದಲ್ಲಿ ಈ ಹೊಸ ವರದಕ್ಷಿಣೆ ಹಳೆಯ ಸ್ತ್ರೀಧನದ ಮುಂದುವರಿಕೆಯಲ್ಲ; ಆಂಗ್ಲರ ಕಾಲದಲ್ಲಿ ಹುಟ್ಟಿದ ಓದು ಮತ್ತು ಸಂಬಳದ ನೌಕರಿಯೊಡನೆ ಬೆಳೆದುಬಂದುದು ಎಂಬುದು ಅವರ ವಾದದ ಸಾರ. ಈ ಸೀಮೆಯಲ್ಲಿಯೂ ಬದಲಾವಣೆಯ ಜಾಡು ಕಾಣುತ್ತದೆ. 1885ರಲ್ಲಿ ಗೋಕಾಕ ಜಲಪಾತದ ಬಳಿ ಗಿರಣಿ ಸ್ಥಾಪನೆಯಾಗಿ ಮಳೆಯನ್ನು ಕಾಯದ ತಿಂಗಳ ಪಗಾರ ಬಂದಿತು. 1897ರಲ್ಲಿ ಧೂಪದಾಳದ ಒಡ್ಡಿನಿಂದ ಕಾಲುವೆಗೆ ನೀರು ಹರಿದು, ಆ ಬಳಿಕ ಹಿಡಕಲ್ ಜಲಾಶಯವೂ ಆಗಿ, ಹೊಲಗಳಲ್ಲಿಯೇ ನೀರಾವರಿ ಮತ್ತು ಒಣಬೇಸಾಯ ಎಂಬ ಮೇಲು-ಕೀಳು ಏರ್ಪಟ್ಟಿತು. ಪಗಾರದ ಹುಡುಗ ಮೊದಲನೆಯವ, ನೀರಾವರಿಯವ ಎರಡನೆಯವ, ಮಳೆಯನ್ನು ನಂಬಿದವ ಕೊನೆಯವ ಎಂಬ ಪಂಕ್ತಿ ಲಗ್ನದ ಮಾತುಕತೆಯಲ್ಲಿ ಸ್ಥಿರವಾಯಿತು.

ಇಲ್ಲಿ ಸಮಾಜ ಮನಗಾಣಬೇಕಾದ ಒಂದು ವಿಪರ್ಯಾಸವಿದೆ. 1899ರಲ್ಲಿ ಸ್ತವನಿಧಿಯಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ಬಡ ಹುಡುಗರ ಓದಿಗಾಗಿ ಬೋರ್ಡಿಂಗುಗಳನ್ನು ತೆರೆಯಿತು. ಹಳ್ಳಿಹಳ್ಳಿಯ ಶ್ರಾವಕರು ಕಾಳು ಕಡಿ ಕೂಡಿಸಿ ಕೊಟ್ಟ ದಾನದಿಂದ ಇಂತಹ ವಸತಿಗೃಹಗಳು ನಡೆದವು. ಸಮಾಜದ ಅನ್ನ ಉಂಡು ಓದಿದ ಹುಡುಗನಿಗೆ ನೌಕರಿ ಸಿಕ್ಕಮೇಲೆ, ಆ ಓದಿನ ಬೆಲೆಯನ್ನು ಅದೇ ಸಮಾಜದ ಇನ್ನೊಬ್ಬ ಬಡ ತಂದೆಯಿಂದ ಹುಂಡಾ ರೂಪದಲ್ಲಿ ವಸೂಲು ಮಾಡಿದರೆ, ದಾನವು ವ್ಯಾಪಾರದ ಬಂಡವಾಳವಾದಂತೆ ಆಯಿತು.

ಹುಂಡಾದ ಭಾರವನ್ನು ಇಂದಿನ ಲೆಕ್ಕದಲ್ಲಿ ನೋಡಬಹುದು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲಿರುಳು ಧರಣಿ ಕುಳಿತ ಮೇಲೆ ಸರ್ಕಾರ ಕಬ್ಬಿಗೆ ಟನ್ನಿಗೆ 3,300 ರೂಪಾಯಿ ದರ ಪ್ರಕಟಿಸಿತು. ಎಕರೆಗೆ 40 ಟನ್ ಇಳುವರಿ ಹಿಡಿದರೆ ಮೂರು ಎಕರೆಗೆ 120 ಟನ್. ಒಟ್ಟು 3,96,000 ರೂಪಾಯಿ. ಬೀಜ, ಗೊಬ್ಬರ, ನೀರು, ಆಳು ಎಲ್ಲದರ ವೆಚ್ಚವೂ ಇದರೊಳಗೇ ಇದೆ. ಅದೇ 2025ರಲ್ಲಿ 10 ಗ್ರಾಂ ಬಂಗಾರದ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಎಂದರೆ ಮೂರು ಎಕರೆಯ ಇಡೀ ವರ್ಷದ ಕಬ್ಬು, ಖರ್ಚು ಕಳೆಯುವ ಮೊದಲೇ, ನಾಲ್ಕು ತೊಲೆ ಬಂಗಾರಕ್ಕೆ ಸಾಲದು. ಹೀಗಿರುವಾಗ ಹೆಣ್ಣುಮಗು ಹುಟ್ಟಿದ ದಿನವೇ ಬಡ ತಂದೆ ಲೆಕ್ಕ ಹಾಕತೊಡಗಿದರೆ ಅದು ಅವನೊಬ್ಬನ ತಪ್ಪಲ್ಲ.

ಆದರೆ ಆ ಲೆಕ್ಕ ಎಲ್ಲಿಗೆ ಮುಟ್ಟಿತೆಂಬುದನ್ನು ಜನಗಣತಿ ಹೇಳುತ್ತದೆ. 2001ರಲ್ಲಿ ದೇಶದ ಜೈನ ಸಮಾಜದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 870. 2011ರಲ್ಲಿ 889. ಓದು ಬರಹದಲ್ಲಿ ದೇಶಕ್ಕೇ ಮುಂದಿರುವ ಸಮಾಜದ ಅಂಕಿ ಇದು. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ಬಂದಿತ್ತು. ಇರುವೆಯನ್ನೂ ನೋಡಿ ಹೆಜ್ಜೆ ಇಡುವ, ರಾತ್ರಿ ಭೋಜನವನ್ನು ತ್ಯಜಿಸುವ ಸಮಾಜದಲ್ಲಿ ಹೆಣ್ಣುಮಕ್ಕಳು ಹೀಗೆ ಕಡಿಮೆಯಾದುದು ಅಹಿಂಸಾಣುವ್ರತದ ಮುಂದೆ ನಿಂತಿರುವ ಪ್ರಶ್ನೆ. 2001ರಲ್ಲಿ ಎಣಿಕೆಯಾದ ಆ ಮಕ್ಕಳಿಗೇ ಈಗ ಲಗ್ನದ ವಯಸ್ಸು. ಕರ್ನಾಟಕದಲ್ಲಿ 2011ರ ಗಣತಿಯಂತೆ ಜೈನರ ಒಟ್ಟು ಸಂಖ್ಯೆಯೇ 4,40,280. ಅಷ್ಟರಲ್ಲಿ ಚತುರ್ಥ, ಪಂಚಮ ಎಂಬ ಭೇದ ಬೇರೆ. ಒಕ್ಕಲುತನದ ಗಂಡುಮಕ್ಕಳಿಗೆ ಹೆಣ್ಣು ಸಿಗದಿರುವುದಕ್ಕೆ ಹೆಣ್ಣು ಹೆತ್ತವರ ಗರ್ವವನ್ನು ಹಳಿಯುವವರು ಈ ಅಂಕಿಗಳನ್ನೂ ನೋಡಬೇಕು.

ಇದು ಜೈನರೊಬ್ಬರ ಸಂಕಟವಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ರೈತ ಯುವಕರು ತಮಗೆ ಕನ್ಯೆ ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಜನ ಅದನ್ನು ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಕರೆದು ನಕ್ಕರು. ನಗುವ ಸಂಗತಿ ಅದಾಗಿರಲಿಲ್ಲ.

ಹೆಣ್ಣು ವಿರಳವಾದರೆ ಹುಂಡಾ ತಾನಾಗಿಯೇ ಹೋಗುವುದು, ಹೆಣ್ಣಿಗೆ ಬೆಲೆ ಬರುವುದು ಎಂದು ಕೆಲವರು ಸಮಾಧಾನ ತಂದುಕೊಳ್ಳುತ್ತಾರೆ. ಮೂಡಲಗಿಯ ಆ ಮನೆಗೆ ಬಂದ ಮಧ್ಯವರ್ತಿಯ ಪ್ರಸಂಗ ಈ ಸಮಾಧಾನವನ್ನು ಒಡೆಯುತ್ತದೆ. ದೂರದ ಒಣಭೂಮಿಯ ಹಳ್ಳಿಯೊಂದರಲ್ಲಿ ತೀರ ಬಡವರ ಹುಡುಗಿ ಇದ್ದಾಳೆ, ಹದಿನೆಂಟು ಈಗಷ್ಟೇ ತುಂಬಿದೆ, ಲಗ್ನದ ಸಂಪೂರ್ಣ ಖರ್ಚು ವರನ ಕಡೆಯದು, ಮೇಲೆ ಹುಡುಗಿಯ ತಂದೆಯ ಸಾಲವನ್ನು ತೀರಿಸಿಕೊಡಬೇಕು, ತನಗೂ ಇಷ್ಟು ಸಲ್ಲಬೇಕು ಎಂದು ಅವನು ಹೇಳಿದ. ಮನೆಯವರು ಬಹುಮಟ್ಟಿಗೆ ಒಪ್ಪಿದ್ದರು. ತವರಿಗೆ ಬಂದಿದ್ದ ಮಗಳು ಪಾತ್ರೆ ಒರೆಸುತ್ತ ಕುಳಿತವಳು ಒಂದೇ ಮಾತು ಕೇಳಿದಳು: "ಅಪ್ಪಾ, ಆ ಹುಡುಗಿನ್ನ ಯಾರರೆ ಕೇಳ್ಯಾರೇನು?" ಯಾರೂ ಕೇಳಿರಲಿಲ್ಲ. ವಿಚಾರಿಸಲು ಹೋದಾಗ, ಹುಡುಗಿಗೆ ಓದು ಮುಂದುವರಿಸುವ ಆಸೆಯಿದೆ, ಅವಳ ಮುಂದೆ ಲಗ್ನದ ಮಾತನ್ನೇ ಇನ್ನೂ ಎತ್ತಿಲ್ಲ ಎಂದು ತಿಳಿಯಿತು. ಶ್ರಾವಕರು ಹಣ ಕೊಡದೆ ಮರಳಿದರು. ಮಗ ಇಂದಿಗೂ ಅವಿವಾಹಿತ. ಹಿಂದಕ್ಕೆ ಬಂದುದನ್ನು ಅವರು ಪುಣ್ಯವೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಆ ರಾತ್ರಿ ತಮ್ಮ ಹೆಂಡತಿ ಅತ್ತುದನ್ನು ಮಾತ್ರ ಹೇಳುತ್ತಾರೆ.

ಹಣದ ದಿಕ್ಕು ಬದಲಾದ ಮಾತ್ರಕ್ಕೆ ಹೆಣ್ಣಿಗೆ ಸ್ವಾತಂತ್ರ್ಯ ಬರುವುದಿಲ್ಲವೆಂಬುದಕ್ಕೆ ದೂರದ ಸೊಮಾಲಿಯಾ ದೇಶವೂ ಸಾಕ್ಷಿ. ಅಲ್ಲಿಯ ಪಶುಪಾಲಕ ಕುಲಗಳಲ್ಲಿ ವರನ ಕಡೆಯವರು ವಧುವಿನ ಕಡೆಯವರಿಗೆ ಒಂಟೆ ಮುಂತಾದ ಪಶುಧನವನ್ನು ಕೊಡುವ ರೂಢಿಯಿದೆ. ಅದಕ್ಕೆ ಯರದ್ ಎನ್ನುತ್ತಾರೆ. ವಧುವಿಗೇ ಸಲ್ಲಬೇಕಾದ ಮೆಹರ್ ಬೇರೆ. ಅಲ್ಲಿ 2011ರಲ್ಲಿ, ಮತ್ತೆ 2022ರಲ್ಲಿ ಭೀಕರ ಬರ ಬಂದಿತು. ಹಿಂಡು ಸತ್ತರೆ ಬಡವನ ಮಗ ಯರದ್ ಕೊಡಲಾರದೆ ಉಳಿಯುತ್ತಾನೆ. ಹಸಿದ ಮನೆ ಒಂದು ಹೊಟ್ಟೆ ಕಡಿಮೆಯಾಗಲೆಂದು ಎಳೆಯ ಮಗಳನ್ನು ಉಳ್ಳವನಿಗೆ ಕೊಟ್ಟುಬಿಡುವ ಒತ್ತಡಕ್ಕೆ ಸಿಲುಕುತ್ತದೆ. ಇಲ್ಲಿ ಹೆಣ್ಣು ಹೆತ್ತವನು ಕೊಡುತ್ತಾನೆ, ಅಲ್ಲಿ ಗಂಡು ಹೆತ್ತವನು ಕೊಡುತ್ತಾನೆ. ಎರಡೂ ಕಡೆ ಬಡವನ ಮಕ್ಕಳಿಗೆ ಆಯ್ಕೆ ಇಲ್ಲ. ಎರಡೂ ಕಡೆ ಹೆಣ್ಣಿಗೆಂದು ಶಾಸ್ತ್ರ ಹೇಳಿದ ಧನ, ಇಲ್ಲಿಯ ಸ್ತ್ರೀಧನವಾಗಲಿ ಅಲ್ಲಿಯ ಮೆಹರ್ ಆಗಲಿ, ಅವಳ ಕೈಗೆ ನಿಜವಾಗಿ ಬಂದಿತೇ ಎಂದು ಕೇಳುವವರು ವಿರಳ.

ಈ ನೆಲದ ಕಾಯಿದೆ ಮಾತ್ರ ಕೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ಪಡೆಯುವವನಂತೆಯೇ ಕೊಡುವವನೂ ಅಪರಾಧಿ. ಸಾಮಾನ್ಯವಾಗಿ ಶಿಕ್ಷೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ದಂಡ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅದು. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಪಾಲಿದೆ. ಈ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಆದರೆ ರೂಢಿಯಲ್ಲಿ ನಡೆಯುವುದೇನು? "ನಿನ್ನ ಲಗ್ನಕ್ಕ ಖರ್ಚ ಮಾಡೇವಲ್ಲ" ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಮಗಳ ಸಹಿ ಪಡೆಯಲಾಗುತ್ತದೆ. ಆ ಖರ್ಚಿನಲ್ಲಿ ಮಂಟಪದ ಬಾಡಿಗೆ, ದೀಪಾಲಂಕಾರ, ಸಾವಿರ ಜನರ ಊಟ ಸೇರಿವೆ. ಅವು ಒಂದೇ ದಿನದಲ್ಲಿ ಮುಗಿದವು; ಹೊಲ ಉಳಿಯುವಂಥದು. ಮಗಳಿಗೆ ಮುಗಿಯುವುದನ್ನು ಕೊಟ್ಟು ಉಳಿಯುವುದನ್ನು ಬಿಡಿಸಿಕೊಳ್ಳುವುದು ಯಾವ ನ್ಯಾಯ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. ಇನ್ನೊಂದು ಹೀನಾಧಿಕಮಾನೋನ್ಮಾನ. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದೆಂದು ಅದರ ಅರ್ಥ. ಅಂಗಡಿಯಲ್ಲಿ ಎರಡು ಬಗೆಯ ಕಲ್ಲು ಇಡುವುದನ್ನು ಪಾಪವೆಂದು ತಿಳಿದ ಶ್ರಾವಕನು ಮನೆಯಲ್ಲಿ ಅಳಿಯನಿಗೊಂದು, ಸೊಸೆಗೊಂದು ತೂಕವಿಡುವುದನ್ನು ವ್ಯವಹಾರವೆನ್ನುತ್ತಾನೆ. ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಲ್ಲಿ ಕ್ಷೇತ್ರ-ವಾಸ್ತು, ಹಿರಣ್ಯ-ಸುವರ್ಣ, ಧನ-ಧಾನ್ಯ ಮೊದಲಾದವನ್ನು ಎಣಿಸಿದ್ದಾರೆ. ಇಂದಿನ ಲಗ್ನದ ಮಾತುಕತೆಯಲ್ಲಿ ಎಣಿಸುವುದೂ ಇವನ್ನೇ: ಹೊಲ, ಮನೆ, ಬೆಳ್ಳಿ, ಬಂಗಾರ, ರೊಕ್ಕ. ಮಿತಿ ಹಾಕಿಕೊಳ್ಳಲೆಂದು ಆಚಾರ್ಯರು ಕೊಟ್ಟ ಪಟ್ಟಿ, ಬೇಡಿಕೆಯ ಪಟ್ಟಿಯಾಗಿ ಬಳಕೆಯಾಗುತ್ತಿದೆ.

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳು ಅನೇಕ. ಸಮಾಜದ ಭವನದಲ್ಲಿ ನಡೆಯುವ ಲಗ್ನಗಳಿಗೆ ಪಕ್ವಾನ್ನಗಳ ಸಂಖ್ಯೆ, ಅಲಂಕಾರದ ವೆಚ್ಚ ಇವಕ್ಕೆ ಒಂದೇ ಮಿತಿಯನ್ನು ಗೊತ್ತುಮಾಡಬಹುದು. ಉಡುಗೊರೆಗಳ ಪಟ್ಟಿಯನ್ನು ವಧುವಿನ ಹೆಸರಿನಲ್ಲಿ ಬರೆಯಿಸಿ, ಅದಕ್ಕೆ ಎರಡೂ ಕಡೆಯವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಅವಳ ಕೈಗೇ ಕೊಡಿಸಬಹುದು. ಉಪಾಧ್ಯೆಯವರು ಮುಹೂರ್ತ ಇಡುವ ಮೊದಲು ಸಮಾಜದ ಒಬ್ಬ ಹಿರಿಯ ಶ್ರಾವಿಕೆ ಹುಡುಗಿಯೊಡನೆ ಪ್ರತ್ಯೇಕವಾಗಿ ಕುಳಿತು ಅವಳ ಒಪ್ಪಿಗೆ ಕೇಳುವ ಪದ್ಧತಿಯನ್ನು ತರಬಹುದು. ಟ್ರಸ್ಟಿನ ವಿದ್ಯಾರ್ಥಿವೇತನ ಪಡೆಯುವ ಹುಡುಗರಿಂದ ಹುಂಡಾ ಮುಟ್ಟುವುದಿಲ್ಲವೆಂಬ ನಿಯಮವನ್ನು ಕೈಗೊಳ್ಳಿಸಬಹುದು.

ಸಾಮೂಹಿಕ ವಿವಾಹದ ಮಾರ್ಗವಂತೂ ಕಣ್ಣ ಮುಂದೆಯೇ ಇದೆ. ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಇದನ್ನು ಆರಂಭಿಸಿದರು. ಜಾತಿ ಮತಗಳ ಎಣಿಕೆಯಿಲ್ಲದೆ ಅಲ್ಲಿ ವಿವಾಹವಾದ ಜೋಡಿಗಳು 12,000ಕ್ಕೂ ಹೆಚ್ಚು. ಆದರೆ ಈ ಸೀಮೆಯಲ್ಲಿ ಸಾಮೂಹಿಕ ವಿವಾಹವೆಂದರೆ ಬಡವರ ಲಗ್ನ ಎಂಬ ಮುದ್ರೆ ಬಿದ್ದುಹೋಗಿದೆ. ಮಾನವುಳ್ಳ ಬಡವನು ಆ ಮುದ್ರೆಗೆ ಅಂಜಿ ಸಾಲ ಮಾಡುತ್ತಾನೆಯೇ ಹೊರತು ಅಲ್ಲಿಗೆ ಬರುವುದಿಲ್ಲ. ವೇದಿಕೆಯ ಮೇಲೆ ನಿಂತು ಬಡವರಿಗೆ ತಾಳಿ ಸೀರೆ ಹಂಚುವ ದಾನಿಯು ಮುಂದಿನ ತಿಂಗಳು ಬೆಳಗಾವಿಯ ದೊಡ್ಡ ಮಂಟಪದಲ್ಲಿ ತನ್ನ ಮಗಳ ಲಗ್ನವನ್ನು ವೈಭವದಿಂದ ಮಾಡಿದರೆ, ಆ ದಾನವು ಬಡವನಿಗೆ ಅವನ ಸ್ಥಾನವನ್ನು ತೋರಿಸಿದಂತೆ ಆಗುತ್ತದೆಯೇ ವಿನಾ ಭಾರವನ್ನು ಇಳಿಸಿದಂತೆ ಆಗುವುದಿಲ್ಲ.

ಆದುದರಿಂದ ಮೊದಲ ಹೆಜ್ಜೆ ಉಳ್ಳವರದೇ ಆಗಬೇಕು. ಬರುವ ಲಗ್ನಸರಾಯಿಯಲ್ಲಿ ಘಟಪ್ರಭೆಯ ಸೀಮೆಯ ಯಾವುದಾದರೂ ಒಂದು ಬಸದಿಯ ಅಂಗಳದಲ್ಲಿ ಸಾಮೂಹಿಕ ವಿವಾಹ ನಡೆಯಲಿ. ಅದರಲ್ಲಿ ಮೊದಲು ಅಕ್ಷತೆ ಬೀಳುವುದು ಟ್ರಸ್ಟಿನ ಅಧ್ಯಕ್ಷರ ಮನೆಯ ಜೋಡಿಯ ಮೇಲೆ ಆಗಲಿ. ಪಕ್ಕದಲ್ಲಿ ಮೂರು ಎಕರೆಯ ರೈತನ ಮಗ ನಿಂತಿರಲಿ, ಅದೇ ಬಾಸಿಂಗ ಕಟ್ಟಿಕೊಂಡು, ಅದೇ ಪಂಕ್ತಿಯಲ್ಲಿ ಉಣ್ಣಲಿ. ಹೆಣ್ಣು ಕೊಡುವವರೂ ತರುವವರೂ ಒಂದೇ ಅಂಗಳದಲ್ಲಿ ಕೂಡಿದಾಗ, ಯಾರ ತಕ್ಕಡಿ ಯಾವುದೆಂದು ಎಲ್ಲರಿಗೂ ಕಾಣುತ್ತದೆ.